ಬಾಗಿಲಿಲ್ಲದ ಅರವಟ್ಟಿಗೆ

ನಮ್ಮಪ್ಪನಂಥ ಒಳ್ಳೆಯವರ ಜೊತೆ ಬದುಕುವುದು ಬಹಳ ಕಷ್ಟ. ಇದನ್ನು ಯಾರೂ ಒಪ್ಪುವುದಿಲ್ಲ. ಊರಲ್ಲಿ ಯಾರನ್ನೇ ಕೇಳಿ, ನಿಮ್ಮಪ್ಪ ದೇವರಂಥವರು ಅನ್ನುತ್ತಾರೆ. ದೇವರಂಥವರ ಹೊಟ್ಟೆಯಲ್ಲಿ ಹುಟ್ಟಿದವಳ ಪಾಡೇನು ಅಂತ ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನಾನು ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ದಿನವಿಡೀ ಮಿಷಿನ್ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಒರಟಾಗಿದೆ, ಬಾಯಿ ಮೊದಲೇ ಒರಟು. ಬಜಾರಿ ಅಂತ ಬೆನ್ನ ಹಿಂದೆ ಅನ್ನುತ್ತಾರೆ. ಅನ್ನಲಿ. ಆ ಮನೆಯಲ್ಲಿ ಒಬ್ಬರಾದರೂ ಬಜಾರಿ ಇಲ್ಲದಿದ್ದರೆ ಉಟ್ಟ ಬಟ್ಟೆಯೂ ನಮ್ಮದಾಗಿ ಉಳಿಯುತ್ತಿರಲಿಲ್ಲ.

ನಮ್ಮೂರು ಬೆಟ್ಟದ ಬುಡದಲ್ಲಿದೆ. ರಾಜಘಟ್ಟದ ಕಡೆಯಿಂದ ಬರುವಾಗ ನೋಡಿದರೆ ಬೆಟ್ಟ ಮಲಗಿದ ಎಮ್ಮೆಯ ಹಾಗೆ ಕಾಣುತ್ತದೆ. ಹತ್ತುವುದಕ್ಕೆ ಮೆಟ್ಟಿಲಿಲ್ಲ. ಬರೀ ಬಂಡೆ, ಸಂದಿಗೊಂದಿಯಲ್ಲಿ ಕುರುಚಲು ಗಿಡ, ಮೇಲೆ ಹೋದಂತೆ ಎದೆಯುದ್ದದ ಹುಲ್ಲು. ಕಡೇ ಏರು ಮುಗಿದ ಕೂಡಲೇ ಒಂದು ದೊಣೆ ಸಿಗುತ್ತದೆ, ಬಂಡೆಯ ಕುಳಿಯಲ್ಲಿ ಮಳೆನೀರು ನಿಂತ ಸಣ್ಣ ಕೊಳ. ಅದರ ಪಕ್ಕದಲ್ಲೇ ನಮ್ಮ ತಾತ ಕಟ್ಟಿದ ಅರವಟ್ಟಿಗೆ. ಮೂರು ಕಡೆ ಕಲ್ಲು ಚಪ್ಪಡಿಯ ಗೋಡೆ, ಮೇಲೆ ಚಪ್ಪಡಿಯ ಮಾಡು, ಮುಂಭಾಗ ಬಯಲು. ಒಳಗೆ ನಾಲ್ಕಾರು ಜನ ಮಲಗುವಷ್ಟು ಜಗಲಿ, ಮೂಲೆಯಲ್ಲಿ ಮೂರು ಕಲ್ಲಿನ ಒಲೆ, ಮರಳಿನ ಮೇಲೆ ಕೂರಿಸಿದ ಮಡಕೆಗಳು. ಮಡಕೆಗಳಲ್ಲಿ ಸದಾ ನೀರು, ಬೇಸಗೆಯಲ್ಲಿ ಒಂದರಲ್ಲಿ ಮಜ್ಜಿಗೆ.

ತಾತನ ತಮ್ಮ ಚಿಕ್ಕವನಿದ್ದಾಗ ಮೇಕೆಗಳ ಹಿಂದೆ ಬೆಟ್ಟಕ್ಕೆ ಹೋಗಿ ವಾಪಸ್ ಬರಲಿಲ್ಲವಂತೆ. ಬೇಸಗೆ, ದೊಣೆ ಬತ್ತಿತ್ತು. ಬಂಡೆಯ ಮೇಲೆ ನಾಲಿಗೆ ಒಣಗಿ ಬಿದ್ದಿದ್ದವನನ್ನು ತಾತನೇ ಹೊತ್ತುಕೊಂಡು ಬಂದದ್ದು. ಆಮೇಲೆ ತಾತ ಬೆಟ್ಟದ ಮೇಲಿನ ಕಲ್ಲನ್ನೇ ಎಬ್ಬಿಸಿ ಈ ಗೂಡು ಕಟ್ಟಿದ. ಹುಲ್ಲು ಕೊಯ್ಯುವವರು, ಕುರಿ ಮೇಯಿಸುವವರು, ಶ್ರಾವಣದಲ್ಲಿ ತುದಿಯ ಗುಡಿಗೆ ಹೋಗುವವರು, ಯಾರು ಬಂದರೂ ನೀರು ಕುಡಿಯಬೇಕು, ಮಳೆ ಬಂದರೆ ಒಳಗೆ ಕೂರಬೇಕು, ಕತ್ತಲಾದರೆ ಮಲಗಬೇಕು. ತಾತನ ನಂತರ ಅಪ್ಪ. ದೊಣೆ ಬತ್ತಿದ ತಿಂಗಳುಗಳಲ್ಲಿ ಅಪ್ಪ ತಲೆಯ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಕ್ಯಾನ್ ಹೊತ್ತು ಕೆಳಗಿನ ನಮ್ಮ ಮನೆಯ ಬಾವಿಯಿಂದ ನೀರು ಒಯ್ಯುತ್ತಿದ್ದರು. ಮಗಳ ಮದುವೆಯ ಮಾರನೆಯ ದಿನವೂ ಒಯ್ದವರು. ನನ್ನನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ಅಪ್ಪ ಎಲ್ಲಿ ಅಂತ ಹುಡುಕಿದರೆ ಬೆಟ್ಟದ ಮೇಲೆ.

ಇದಕ್ಕೊಂದು ಕಟ್ಟಳೆ ಇತ್ತು, ತಾತನಿಂದ ಬಂದದ್ದು. ನೀರು ಕೊಡುವವನು ಕುಡಿಯುವವನ ಊರು ಕೇರಿ ಕೇಳಬಾರದು. ಯಾರಾದರೂ ಇದು ಯಾರ ಅರವಟ್ಟಿಗೆ ಅಂತ ಕೇಳಿದರೆ ನನ್ನದು ಅನ್ನಬಾರದು. ‘ನಿಮ್ದೇ, ಕುಡೀರಿ’ ಅನ್ನಬೇಕು. ನನ್ನದು ಅಂತ ಒಂದು ಸಲ ಬಾಯಿಂದ ಬಂದರೆ ಅಲ್ಲಿಯವರೆಗೆ ಕೊಟ್ಟ ನೀರೆಲ್ಲ ಬಂಡೆಯ ಮೇಲೆ ಚೆಲ್ಲಿದ ಲೆಕ್ಕ. ಕುಡಿದವನು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅಂತ ಹರಸಿ ಹೋಗಬೇಕು. ಇಷ್ಟೇ. ಚಿಕ್ಕಂದಿನಲ್ಲಿ ನಾನೂ ರಜೆಯಲ್ಲಿ ಮೇಲೆ ಕೂತು ಚೊಂಬಿನಲ್ಲಿ ನೀರು ಬಗ್ಗಿಸುತ್ತ ‘ನಿಮ್ದೇ, ಕುಡೀರಿ’ ಅಂದಿದ್ದೇನೆ. ಆಗ ಅದು ಆಟ.

ನನ್ನ ಗಂಡನಿಗೆ ಸೋಂಪುರದಲ್ಲಿ ಕೆಲಸ ಸಿಕ್ಕಿದ ಮೇಲೆ ನಾವು ಅಪ್ಪನ ಜೊತೆಯೇ ಇರತೊಡಗಿದೆವು. ಹೀಗಾಗಿ ಮುಂದಿನದನ್ನೆಲ್ಲ ನಾನು ಕಣ್ಣಾರೆ ಕಂಡವಳು.

ಬೆಂಗಳೂರಿನಿಂದ ಚಾರಣಕ್ಕೆ ಬರುವವರು ಮೊದಲು ಅಲ್ಲೊಬ್ಬ ಇಲ್ಲೊಬ್ಬ. ಆಮೇಲೆ ಶನಿವಾರ ಬಂತೆಂದರೆ ನಮ್ಮ ಹಿತ್ತಲ ಗೋಡೆಯವರೆಗೆ ಕಾರು. ಅಪ್ಪನಿಗೆ ಅದೆಂಥ ಸಂಭ್ರಮ! ಎಂಥೆಂಥ ಮಕ್ಕಳು ಬರ್ತವೆ ಗೊತ್ತಾ, ಒಬ್ಬಳು ಡಾಕ್ಟ್ರಂತೆ, ಒಬ್ಬ ಹಿಮಾಲಯಾನೇ ಹತ್ತಿದ್ದಾನಂತೆ ಅಂತ ಊಟಕ್ಕೆ ಕೂತಾಗ ಹೇಳುತ್ತಿದ್ದರು. ಬಂದವರು ಅರವಟ್ಟಿಗೆಯನ್ನು ಹಟ್ ಅನ್ನುತ್ತಿದ್ದರು. ಎಷ್ಟು ಕೊಡಬೇಕು ಅಂಕಲ್ ಅಂತ ಕೇಳಿದರೆ ನಮ್ಮಪ್ಪನದು ಅದೇ ಪಾಠ, ನಿಮ್ದೇ. ಬಂದವರೆಲ್ಲ ಕೆಟ್ಟವರಲ್ಲ, ಸುಳ್ಳೇಕೆ ಹೇಳಲಿ. ಕೆಲವರು ಕೈಮುಗಿದು ಹೋದರು. ಕೆಲವರು ಜಗಲಿಯ ಮೇಲೆ ಬಾಟಲಿ ಒಡೆದು, ಗೋಡೆಯ ಮೇಲೆ ತಮ್ಮ ಪ್ರೇಮ ಗೀಚಿ ಹೋದರು. ಅಪ್ಪ ಗಾಜು ಆರಿಸಿ, ಗೋಡೆ ಉಜ್ಜಿ, ಮತ್ತೆ ಮಡಕೆ ತುಂಬಿಸಿದರು. ನಾನು ಬೈದೆ. ಅಪ್ಪ ತಮ್ಮ ಪಾಡಿಗೆ ನಕ್ಕರು.

ಒಂದು ದಿನ ಅಪ್ಪನ ಮಂಡಿ ನೋಯುತ್ತಿತ್ತೆಂದು ಕ್ಯಾನ್ ಹೊರಲು ಕೆಲಸಕ್ಕೆ ರಜೆ ಹಾಕಿ ನಾನೂ ಮೇಲೆ ಹೋಗಿದ್ದೆ. ಮಜ್ಜಿಗೆಗೆ ಉಪ್ಪು ಹಾಕಿ ಕಲಕುತ್ತಿದ್ದೆ. ಆಗ ಅಳತೆಗೆಂದು ಯಾವುದೋ ಸರ್ಕಾರಿ ಕಚೇರಿಯಿಂದ ಮೂವರು ಏದುಸಿರು ಬಿಡುತ್ತ ಬಂದರು. ಬೆಟ್ಟದಲ್ಲಿ ಏನೇನಿದೆ, ಯಾರದಿದೆ ಅಂತ ಗುರುತು ಹಾಕಿಕೊಳ್ಳಲು ಬಂದಿದ್ದರು. ಅವರಲ್ಲಿ ದೊಡ್ಡವರಂತಿದ್ದವರು ಎರಡು ಚೊಂಬು ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು, ಗೂಡನ್ನು ಒಂದು ಸುತ್ತು ಬಂದು ಕೇಳಿದರು.

‘ಯಾರ್ದು ಯಜಮಾನ್ರೇ ಇದು?’

‘ನಿಮ್ದೇ ಸ್ವಾಮಿ’ ಅಂದರು ಅಪ್ಪ.

ಅವರು ನಕ್ಕರು. ಅದಲ್ಲ ಯಜಮಾನ್ರೇ, ಕಟ್ಟಿಸಿದ್ದು ಯಾರು, ನಿಮ್ಮ ಮನೆಯವರಾ ಅಂತ ಬಿಡಿಸಿ ಕೇಳಿದರು. ಒಳ್ಳೆಯ ಮಾತಿನಲ್ಲೇ ಕೇಳಿದರು, ಅದನ್ನೂ ಹೇಳಬೇಕು. ಇವರು ಬಾಯಾರಿ ಬಂದ ದಾರಿಹೋಕರಲ್ಲ, ಇವರಿಗೆ ಹೇಳಿದ ಮಾತು ಚೊಂಬು ತೊಳೆದ ನೀರಿನ ಜೊತೆ ಹರಿದು ಹೋಗುವುದಿಲ್ಲ ಅಂತ ನನಗೆ ಗೊತ್ತಾಯಿತು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು ನುಗ್ಗಿದೆ. ನಮ್ಮ ತಾತ ಕಟ್ಟಿದ್ದು ಸಾರ್, ಊರಲ್ಲಿ ಯಾರನ್ನು ಬೇಕಾದರೂ ಕೇಳಿ, ಮೂರು ತಲೆಯಿಂದ ನಮ್ಮದೇ ಅಂದೆ. ಅವರು ಅಪ್ಪನ ಮುಖ ನೋಡಿದರು. ಹೌದಾ ಯಜಮಾನ್ರೇ?

ಅಪ್ಪ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಗುಡಿಯಲ್ಲಿ ಉಗುಳಿದವಳನ್ನು ನೋಡಿದ ಹಾಗೆ ನೋಡಿದರು.

‘ಸುಮ್ಕಿರಮ್ಮ. ಕಲ್ಲು ಬೆಟ್ಟದ್ದು, ನೀರು ಮಳೇದು. ನಮ್ದು ಅನ್ನಕ್ಕೆ ಏನೈತೆ ಸ್ವಾಮಿ ಇಲ್ಲಿ? ನಮ್ದಲ್ಲ.’

ಇನ್ನೊಂದು ಸಲ ಯೋಚನೆ ಮಾಡಿ ಹೇಳಿ ಅಂದರು ಪುಣ್ಯಾತ್ಮರು. ಅಪ್ಪ ಇನ್ನೊಂದು ಸಲ ಅದನ್ನೇ ಹೇಳಿದರು, ಈ ಸಲ ಕೈಮುಗಿದು. ಅವರು ಜೊತೆಯವನಿಗೆ ತಲೆಯಾಡಿಸಿದರು. ಅವನು ಬರೆದುಕೊಂಡ. ಹೋಗುವಾಗ ಆ ದೊಡ್ಡವರು ಹೊಟ್ಟೆ ತಣ್ಣಗಾಯ್ತು ಯಜಮಾನ್ರೇ ಅಂದರು. ಅಪ್ಪನಿಗೆ ಅಷ್ಟೇ ಸಾಕಾಯಿತು.

ಇಳಿಯುವಾಗ ದಾರಿಯುದ್ದಕ್ಕೂ ನಾನು ಕಿರುಚಿದೆ. ನಿನಗೆ ಬುದ್ಧಿ ನೆಟ್ಟಗಿದೆಯಾ, ನಾಳೆ ಯಾವನೋ ಬಂದು ಕೂತರೆ ಏನು ಮಾಡುತ್ತೀಯ, ಒಂದು ಮಾತು ನಮ್ಮದು ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂತ. ಗಂಟೇ ಹೋಗುತ್ತಿತ್ತು ಅಂತ ಅಪ್ಪ ಬಂಡೆಗೆ ಕೈಯೂರಿ ಇಳಿಯುತ್ತ ಹೇಳಿದರು. ನಮ್ಮಪ್ಪ ಕೊಟ್ಟದ್ದು, ನಾನು ಕೊಟ್ಟದ್ದು, ಚಿಕ್ಕವಳಿದ್ದಾಗ ನೀನು ಕೊಟ್ಟದ್ದು, ಎಲ್ಲ ಹೋಗುತ್ತಿತ್ತು. ಯಾರು ಬಂದು ಕೂತರೂ ಬಂದವರಿಗೆ ನೀರು ಸಿಕ್ಕರೆ ಆಯಿತಲ್ಲ, ಕೂರಲಿ ಬಿಡು ಅಂದರು. ಇಂಥವರಿಗೆ ಏನು ಹೇಳುತ್ತೀರಿ? ನಾನು ಮನೆಗೆ ಬಂದು ಪಾತ್ರೆಗಳನ್ನು ಎತ್ತಿ ಕುಕ್ಕಿದೆ. ನನ್ನ ಗಂಡ ಕೇಳಿ, ಮಾವ ಹೇಳಿದ್ದು ಸರಿಯಾಗೇ ಇದೆಯಲ್ಲ ಅಂದ. ಅವತ್ತು ಅವನ ತಟ್ಟೆಯನ್ನೂ ಕುಕ್ಕಿದೆ.

ಕೂರುವವರು ಬಂದೇ ಬಂದರು. ಚಾರಣ ನಡೆಸುವ ಒಂದು ಕಂಪನಿಗೆ ಆ ಜಾಗ ಗುತ್ತಿಗೆಯಾಯಿತು. ಯಾರದೂ ಅಲ್ಲದ ಕಟ್ಟಡ ಅಂತ ಆಗಲೇ ಬರೆದಾಗಿತ್ತಲ್ಲ. ನಾನು ತಾಲ್ಲೂಕು ಕಚೇರಿಗೆ ಅಲೆದೆ, ಊರ ಹಿರಿಯರನ್ನು ಕರೆದುಕೊಂಡು ಹೋದೆ. ಎಲ್ಲ ಕಡೆ ಒಂದೇ ಮಾತು. ನಿಮ್ಮ ತಂದೆಯವರೇ ತಮ್ಮದಲ್ಲ ಅಂದಿದ್ದಾರಲ್ಲಮ್ಮ, ಈಗ ಅವರನ್ನೇ ಕರೆದುಕೊಂಡು ಬನ್ನಿ, ತಮ್ಮದು ಅನ್ನಲಿ, ನೋಡೋಣ. ಅಪ್ಪನ ಕಾಲು ಹಿಡಿಯುವುದೊಂದು ಬಾಕಿ. ಅವರು ಬರಲಿಲ್ಲ. ನನಗೆ ಆ ಒಂದು ಮಾತನ್ನು ಅಪ್ಪನ ಬಾಯಿಂದ ಕೇಳಿಬಿಡಬೇಕು ಅನ್ನುವುದೇ ಹಟವಾಯಿತು. ಅಡುಗೆ ಮಾಡುವಾಗ, ಲೈನಿನಲ್ಲಿ ನಿಂತಾಗ, ಬಸ್ಸಿನಲ್ಲಿ ತೂಕಡಿಸುವಾಗ ಅದೇ. ಅಪ್ಪ, ನಮ್ಮದು ಅನ್ನು. ಒಂದೇ ಒಂದು ಸಲ ಅನ್ನು.

ಕಂಪನಿಯವರು ಮುಂಭಾಗಕ್ಕೆ ಗೋಡೆ ಎಬ್ಬಿಸಿದರು. ಗೋಡೆಗೆ ಬಾಗಿಲು, ಬಾಗಿಲಿಗೆ ಬೀಗ. ಕಲ್ಲಿಗೆ ಬಿಳಿ ಬಣ್ಣ, ಒಳಗೆ ಬಂಕ್ ಮಂಚ, ಸೋಲಾರ್ ದೀಪ. ಹೊರಗೊಂದು ಬೋರ್ಡು, ಅದರಲ್ಲಿ ಕನ್ನಡಕ್ಕೆ ಕಡೇ ಸಾಲು. ನೋಡಿಕೊಳ್ಳಲು ಇಟ್ಟದ್ದು ಬೇರೆ ಯಾರನ್ನೂ ಅಲ್ಲ, ಪಕ್ಕದ ಊರಿನ ನಮ್ಮದೇ ದೂರದ ನೆಂಟನನ್ನು. ಅಪ್ಪನನ್ನು ಮಾವ ಅಂತ ಕರೆಯುವವನು, ನಮ್ಮ ಮನೆಯಲ್ಲಿ ಎಷ್ಟೋ ಸಲ ಮುದ್ದೆ ಮುರಿದವನು. ಮೊದಮೊದಲು ಮಡಕೆಗಳು ಒಳಗೇ ಇದ್ದವು. ಬಂದವರು ಅಪ್ಪನ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಮೇಲೆ ಗೆಸ್ಟ್‌ಗಳಿಗೆ ಮಡಕೆ ನೀರು ಒಗ್ಗುವುದಿಲ್ಲ ಅಂತ ಕಂಪನಿಯಿಂದ ಮಾತು ಬಂತು. ಒಳಗೆ ಬಾಟಲಿ ನೀರು ಮಾರಾಟಕ್ಕೆ ಬಂತು. ಮಡಕೆಗಳು ಹೊರಗೆ ಬಂಡೆಯ ಮಗ್ಗುಲಿಗೆ ಬಂದವು. ಕೋತಿಗಳು ಎರಡನ್ನು ಉರುಳಿಸಿ ಒಡೆದವು. ಅಪ್ಪ ದೊಡ್ಡಬಳ್ಳಾಪುರದ ಸಂತೆಯಿಂದ ಹೊಸ ಮಡಕೆ ತಂದು, ಮುಚ್ಚಳದ ಮೇಲೆ ಕಲ್ಲು ಹೇರಿ, ಅಲ್ಲೇ ಬಿಸಿಲಲ್ಲಿ ಕೂತು ನೀರು ಕೊಟ್ಟರು. ನೆರಳಿದ್ದರೇನು ಇಲ್ಲದಿದ್ದರೇನು ಅನ್ನುತ್ತಿದ್ದರು. ಮುಖ ಮಾತ್ರ ಸುಟ್ಟು ಕರಿಕಲಾಗಿತ್ತು. ನಾನು ನೋಡಲಾರದೆ ನೋಡುತ್ತಿದ್ದೆ.

ಅಂಥ ಒಂದು ಬೇಸಗೆಯ ಮಧ್ಯಾಹ್ನ. ನನಗೆ ವಾರದ ರಜೆ, ಅಪ್ಪನಿಗೆ ಬುತ್ತಿ ತೆಗೆದುಕೊಂಡು ಮೇಲೆ ಹೋಗಿದ್ದೆ. ಅಪ್ಪನ ಹತ್ತಿರ ಹುಲ್ಲು ಕೊಯ್ಯುವ ಹೆಂಗಸೊಬ್ಬಳು ಕೂತಿದ್ದಳು, ಮಡಿಲಲ್ಲಿ ಕೂಸು. ದೇವನಹಳ್ಳಿಯ ಕಡೆಯಿಂದ ಮೋಡ ಕಟ್ಟಿದ್ದು ಕಂಡಿತು. ನಮ್ಮ ಕಡೆ ಬೇಸಗೆಯ ಮಳೆ ಹೇಳಿ ಕೇಳಿ ಬರುವುದಿಲ್ಲ. ನೋಡನೋಡುತ್ತ ಗಾಳಿ, ಗುಡುಗು, ಆಮೇಲೆ ಆಲಿಕಲ್ಲು. ಬೋಳು ಬಂಡೆ, ಒಂದು ಮರವಿಲ್ಲ. ಸಿಡಿಲು ಹೊಡೆದರೆ ನಮಗೇ ಹೊಡೆಯಬೇಕು, ಆ ಗೂಡು ಬಿಟ್ಟರೆ ಬೇರೆ ಎತ್ತರದ್ದು ಅಲ್ಲೇನೂ ಇರಲಿಲ್ಲ. ಹೆಂಗಸು ಕೂಸಿನ ಮೇಲೆ ಬಗ್ಗಿ ಕೂತಳು. ಅವಳ ಬೆನ್ನ ಮೇಲೆ ಕಲ್ಲು ಬೀಳುವುದು ಕೇಳುತ್ತಿತ್ತು. ಅಪ್ಪ ಎದ್ದು ಹೋಗಿ ಬಾಗಿಲು ಬಡಿದರು. ಅವರಪ್ಪ ಕಟ್ಟಿದ ಗೂಡಿಗೆ ಇನ್ನೊಬ್ಬರು ಇಟ್ಟ ಬಾಗಿಲನ್ನು ಅವರು ಬಡಿದದ್ದು ಅದೇ ಮೊದಲು.

ನೆಂಟ ಬಾಗಿಲನ್ನು ಒಂದು ಗೇಣು ತೆರೆದ. ಒಳಗೆ ಬುಕ್ ಮಾಡಿಕೊಂಡು ಬಂದ ಗೆಸ್ಟ್‌ಗಳಿದ್ದಾರೆ, ಬೇರೆಯವರನ್ನು ಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಹೋದ ಸಲವೇ ಬೈಸಿಕೊಂಡಿದ್ದೇನೆ ಮಾವ ಅಂತ ಬೇಡಿಕೊಂಡ. ಅವನೂ ಸುಳ್ಳು ಹೇಳುತ್ತಿರಲಿಲ್ಲ. ಅಪ್ಪ ಕೂಸನ್ನು ತೋರಿಸಿದರು. ಅದು ಅಳುವುದನ್ನೂ ಬಿಟ್ಟು ಬಿಕ್ಕುತ್ತಿತ್ತು. ಅವನು ಮುಖ ಆ ಕಡೆ ತಿರುಗಿಸಿ, ನಾನೇನು ಮಾಡಲಿ ಮಾವ, ಇದೇನು ನಂದಾ, ನಿಮ್ದಾ ಅಂದ.

ಅಪ್ಪನ ಗಡ್ಡದಿಂದ ನೀರು ಇಳಿಯುತ್ತಿತ್ತು.

‘ನಂದು’ ಅಂದರು. ‘ನಮ್ಮಪ್ಪ ಕಟ್ಟಿದ್ದು. ನಂದಿದು. ಬಾಗ್ಲು ತೆಗಿಯಪ್ಪ.’

ನಾನು ಕೇಳಿದೆ. ಆ ಗಾಳಿಯಲ್ಲಿ, ಆ ಸದ್ದಿನಲ್ಲಿ, ನನಗೆ ಒಂದೊಂದು ಅಕ್ಷರವೂ ಕೇಳಿಸಿತು.

ನೆಂಟ ನಗಲಿಲ್ಲ, ನಕ್ಕಿದ್ದರೆ ಅವನ ಕಪಾಳಕ್ಕೆ ಬಾರಿಸಿ ನನ್ನ ಹೊಟ್ಟೆಯುರಿ ಇಳಿಸಿಕೊಳ್ಳಬಹುದಿತ್ತು. ಅವನು ತಲೆ ತಗ್ಗಿಸಿಕೊಂಡು, ‘ನೀವೇ ಅಲ್ವಾ ಮಾವ ನಮ್ದಲ್ಲ ಅಂದವ್ರು’ ಅಂದ, ಅಷ್ಟೇ.

ಬಾಗಿಲು ತೆರೆಸಿದ್ದು ಅಪ್ಪನ ಮಾತಲ್ಲ. ಒಳಗಿನಿಂದ ಒಬ್ಬಳು ಹುಡುಗಿ ಬಗ್ಗಿ ನೋಡಿ, ಅಯ್ಯೋ ಮಗು ಇದೆ, ಬರಲಿ ಬಿಡಿ, ನಾವು ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ ಅಂದಳು. ಗೆಸ್ಟೇ ಹೇಳಿದ ಮೇಲೆ ನೆಂಟನಿಗೇನು, ಬಾಗಿಲು ಪೂರ್ತಿ ತೆರೆದ. ನಾವು ಒಳಗೆ ಹೋದೆವು. ತಾತ ಹಾಕಿದ ಜಗಲಿ ಇದ್ದ ಕಡೆ ಮಂಚಗಳಿದ್ದವು. ಹುಡುಗಿ ತನ್ನ ಜಾಕೆಟ್ಟನ್ನು ಕೂಸಿಗೆ ಸುತ್ತಿದಳು. ಒಳ್ಳೆಯ ಹುಡುಗಿ, ಅವಳ ಮೇಲೆ ನನಗೇನೂ ಇಲ್ಲ. ಒದ್ದೆಯಾಗಿ ನಡುಗುತ್ತಿದ್ದ ಅಪ್ಪನನ್ನು ಕೂರಿಸಿ, ಬಾಟಲಿಯ ಮುಚ್ಚಳ ತೆಗೆದು, ತಗೊಳ್ಳಿ ತಾತ, ನೀರು ಕುಡೀರಿ ಅಂತ ಕೈಗೆ ಕೊಟ್ಟಳು.

ಅಪ್ಪ ಬಾಟಲಿಯನ್ನು ನೋಡಿದರು. ಕುಡಿದರು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು, ‘ನಿನ್ ಹೊಟ್ಟೆ ತಣ್ಣಗಿರ್ಲಿ ತಾಯಿ’ ಅಂದರು. ಆ ಗೂಡಿನಲ್ಲಿ ಅವರು ಬದುಕಿಡೀ ಕೇಳಿಸಿಕೊಂಡ ಮಾತು ಅದು. ತಾವೇ ಆಡಿದ್ದು ಅವತ್ತೇ ಮೊದಲು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಬಿಳಿ ಬಣ್ಣದ ಕೆಳಗೆ ಹಳೆಯ ಹೊಗೆ ಮಸಿ ಸ್ವಲ್ಪ ಸ್ವಲ್ಪ ಕಾಣುತ್ತಿತ್ತು.

ಮಳೆ ನಿಂತ ಮೇಲೆ ಇಳಿದೆವು. ಬಂಡೆ ಜಾರುತ್ತಿತ್ತು, ಅಪ್ಪ ನನ್ನ ಭುಜ ಹಿಡಿದುಕೊಂಡಿದ್ದರು. ಅರ್ಧ ದಾರಿಯಲ್ಲಿ ನಿಂತು, ‘ಅಂದ್ಬಿಟ್ಟೆ ಕಣಮ್ಮ’ ಅಂದರು. ಕೂಸಿಗೋಸ್ಕರ ಅಂದದ್ದು ತಾನೇ, ಅದರಲ್ಲೇನು ತಪ್ಪಿದೆ, ತಾತನೇ ಇದ್ದಿದ್ದರೂ ಅನ್ನುತ್ತಿದ್ದ ಅಂದೆ ನಾನು. ಯಾವತ್ತೂ ಇಲ್ಲದ ಮೆತ್ತಗಿನ ದನಿಯಲ್ಲಿ ಹೇಳಿದೆ. ಆ ಮಾತಿಗೆ ಬಾಗಿಲೂ ತೆರೆಯಲಿಲ್ಲವಲ್ಲ ಅಂದರು ಅಪ್ಪ. ನಾನು ಅವರ ಕೈಯನ್ನು ಭುಜದ ಮೇಲೆ ಇನ್ನಷ್ಟು ಎಳೆದುಕೊಂಡು ಇಳಿದೆ.

ಆಮೇಲೆ ಅಪ್ಪ ಬೆಟ್ಟ ಹತ್ತಲಿಲ್ಲ. ಮಂಡಿ ನೋವು ಅಂತ ಕೇಳಿದವರಿಗೆ ಹೇಳುತ್ತಾರೆ. ಮಡಕೆಗಳನ್ನು ನನ್ನ ಗಂಡ ಕೆಳಗೆ ತಂದು ಹಿತ್ತಲಲ್ಲಿ ಇಟ್ಟ. ಅವುಗಳಲ್ಲಿ ಈಗ ಕೋಳಿಗಳು ಮೊಟ್ಟೆ ಇಡುತ್ತವೆ. ಹುಲ್ಲಿನ ಹೆಂಗಸರು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ, ಹೋಗುವಾಗ ನಮ್ಮ ಮನೆಯ ಕಡೆ ನೋಡುವುದಿಲ್ಲ. ಸಂಕಟಕ್ಕೋ, ಮರ್ಯಾದೆಗೋ, ನನಗೆ ಗೊತ್ತಿಲ್ಲ. ಮೇಲಿನ ಗೂಡು ಚೆನ್ನಾಗಿ ನಡೆಯುತ್ತಿದೆಯಂತೆ. ಪಕ್ಕದಲ್ಲಿ ಇನ್ನೊಂದನ್ನು ಕಟ್ಟುತ್ತಿದ್ದಾರಂತೆ.

ಮೊನ್ನೆ ಭಾನುವಾರ ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅಪ್ಪ ಪಕ್ಕದಲ್ಲಿ ಕೂತಿದ್ದರು. ಬೆಟ್ಟ ಇಳಿದು ಬಂದ ಹುಡುಗನೊಬ್ಬ, ಬೆನ್ನಿಗೆ ದೊಡ್ಡ ಬ್ಯಾಗು, ಮುಖವೆಲ್ಲ ಕೆಂಪಾಗಿ, ತಾತ, ಸ್ವಲ್ಪ ನೀರು ಸಿಗುತ್ತಾ ಅಂತ ಕೇಳಿದ. ಅಪ್ಪ ಎದ್ದು ಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟರು. ಅವನು ಗಟಗಟ ಕುಡಿದು, ಆಹಾ, ಎಷ್ಟು ತಣ್ಣಗಿದೆ, ನಿಮ್ಮದೇ ಬಾವಿಯಾ ತಾತ ಅಂದ.

ನಾನು ಕಾಯಿ ಸುಲಿಯುವುದನ್ನು ನಿಲ್ಲಿಸಿದೆ. ಅಪ್ಪನ ಬಾಯಿಂದ ಬರಬೇಕಾದ ಮಾತು ಯಾವುದು ಅಂತ ನನಗೆ ಹುಟ್ಟಿದಾಗಿನಿಂದ ಗೊತ್ತು. ‘ನಿಮ್ದೇ, ಕುಡೀರಿ’ ಬರಲಿ, ಇನ್ನೊಂದೇ ಒಂದು ಸಲ ಬರಲಿ ಅಂತ ಒಳಗೊಳಗೇ ಬೇಡಿಕೊಂಡೆ, ನಾನು, ಅದರ ಮೇಲೆ ಅಷ್ಟು ಕಿರುಚಾಡಿದವಳು.

‘ಹೂಂ’ ಅಂದರು ಅಪ್ಪ. ‘ನಮ್ದು.’

ಹುಡುಗ ಥ್ಯಾಂಕ್ಸ್ ಹೇಳಿ ಹೋದ. ಅಪ್ಪ ಚೊಂಬನ್ನು ನನ್ನ ಪಕ್ಕದಲ್ಲಿಟ್ಟು, ಬೆಟ್ಟಕ್ಕೆ ಬೆನ್ನು ಮಾಡಿ ಕೂತು, ಕಾಯಿ ಸುಲಿಯತೊಡಗಿದರು.